ಏಳನೆಯ ನಕ್ಷೆ

ಆರು ಸಲ ಮುಳುಗಿಸಿದೆ ಆ ಊರನ್ನು.
ಆರು ಸಲವೂ ಫೋನು: ಇನ್ನಷ್ಟು ನೀಲಿ.
ಇನ್ನಷ್ಟು ಗಾಜು. ಗೋಪುರ ಒಳಗಿನಿಂದ ಬೆಳಗಲಿ,
ಲೋಳೆಮೀನಿನ ಹೊಟ್ಟೆಯ ಹಾಗೆ.
ಕೂದಲು ತೇಲಲಿ, ಉಡುಪು ತೇಲಬಾರದು,
ಸೆನ್ಸಾರಿದೆ.

ಕುಶಾಲನಗರ. ಬಸ್‌ಸ್ಟ್ಯಾಂಡಿನ ಹಿಂದೆ
ಟಯರಂಗಡಿಯ ಮಾಳಿಗೆ,
ಎರಡು ಮಾನಿಟರು, ಒಂದು ಫ್ಯಾನು, ನಾನು.
ಕರೆಂಟು ಹೋದರೆ ಸಾಮ್ರಾಜ್ಯ ಹೋಗುತ್ತದೆ,
ಬಂದರೆ ಬರುತ್ತದೆ, ಸೇವ್ ಮಾಡಿದ್ದಷ್ಟು.
ಸಮುದ್ರ ನನಗೆ ಗೊತ್ತಿಲ್ಲ.
ಎರಡು ಸಲ ಕಂಡಿದ್ದೇನೆ, ಮಂಗಳೂರಲ್ಲಿ,
ಅದೂ ಮೇಲಿನಿಂದ, ಚಪ್ಪಲಿ ಕೈಯಲ್ಲಿ ಹಿಡಿದು.

ಸಂದೇಹವಿತ್ತು, ಕೇಳಿದೆ:
ಈಜಬಲ್ಲವರ ಊರಿಗೆ ಮೆಟ್ಟಿಲು ಯಾಕೆ?
ಮಳೆಯೇ ಬೀಳದ ಮನೆಗೆ ಇಳಿಜಾರು ಮಾಡು?
ಬಾಗಿಲು ನೆಲದಲ್ಲೇ ಯಾಕಿರಬೇಕು,
ಗೋಡೆಯ ನೆತ್ತಿಯಲ್ಲಿದ್ದರೆ?
ಅಲ್ಲಿ ಯಾರಾದರೂ ಅತ್ತರೆ
ತೋರಿಸುವುದು ಹೇಗೆ?

ನಿರ್ದೇಶಕರು ನಕ್ಕರು.
"ಮೆಟ್ಟಿಲಿಳಿದು ಬರದಿದ್ದರೆ
ರಾಜ ಅಂತ ಯಾರಿಗೆ ಗೊತ್ತಾಗುತ್ತೆ?
ಈಜಿಕೊಂಡು ಬಂದರೆ ಅವನು ಮೀನು."

ಅದೇ ವಾರ ಹಾರಂಗಿಗೆ ಹೋದೆ.
ಮೇ ಕೊನೆ, ಹಿನ್ನೀರು ಹಿಂದೆ ಸರಿದು
ದಡದಲ್ಲಿ ಕೆಸರು ಹಪ್ಪಳದಂತೆ ಒಡೆದಿತ್ತು.
ಮೊಯ್ದು ಕಾಕ ತೆಪ್ಪದಲ್ಲಿ ಜಾಗ ಕೊಟ್ಟರು.
ಬಲೆಯಲ್ಲಿ ನಾಲ್ಕು ಜಿಲೇಬಿ ಮೀನು,
ಮಗುವಿನ ಒಂಟಿ ಬೂಟು.

ಒಳಗೆ ಏನು ಬಣ್ಣ ಕಾಕಾ?
"ಮೊಣಕೈವರೆಗೆ ಚಾಯ.
ಆಮೇಲೆ ಬಣ್ಣ ಇಲ್ಲ,
ಕೈಗೆ ಸಿಕ್ಕಿದ್ದೇ ಕಣ್ಣಿಗೆ."

ಮರದ ಬುಡಗಳು ನೀರಿನಿಂದ ಇಣುಕುತ್ತಿದ್ದವು,
ಅಣೆಕಟ್ಟಿಗೆ ಮೊದಲು ಕಡಿದದ್ದು,
ಎಲ್ಲ ಒಂದೇ ಎತ್ತರ,
ಮದುವೆ ಮುಗಿದ ಮೇಲಿನ ಮೇಜುಗಳಂತೆ.
ಗದ್ದೆಯ ಬದುಗಳು ಅಡಿಯಲ್ಲಿ ಇನ್ನೂ ನೇರ.
ಯಾರ ಪಾಲು ಎಲ್ಲಿಗೆ ಮುಗಿಯುತ್ತದೆಂದು
ಈಗಲೂ ತಕರಾರಿಲ್ಲದೆ ಹೇಳುತ್ತಿದ್ದವು.

ಕಾಕ ಗಳ ಊರಿದರು.
ಇಲ್ಲಿ ತಾಗಿತು, ಒಂದಾಳು.
ಇಲ್ಲಿ ತಾಗಿತು. ಇಲ್ಲಿ ತಾಗಿತು.
ಒಂದು ಮೊಳ ಆಚೆ
ಇಳಿಯಿತು, ಇಳಿಯಿತು,
ಕೈ ನೀರು ಮುಟ್ಟುವವರೆಗೂ ಇಳಿಯುತ್ತಲೇ ಹೋಯಿತು.

"ಬಾವಿ," ಅಂದರು.
"ಇಲ್ಲಿ ಬಲೆ ಹಾಕಲ್ಲ."
ದೇವರ ಭಯವೇ?
"ಕಟ್ಟೆಗೆ ಸಿಕ್ಕಿ ಹರಿಯುತ್ತೆ. ಬಲೆಗೆ ಎಷ್ಟು ಗೊತ್ತಾ ಈಗ?"

ಮೇಲೆಳೆದ ಗಳದ ತುದಿಯನ್ನು ನನ್ನ ಕಡೆ ಚಾಚಿದರು.
ಮುಟ್ಟಿದೆ.
ಸುತ್ತಲಿನ ನೀರು ಕಾದ ಎಣ್ಣೆಯಂತಿತ್ತು,
ಆ ಒಂದು ಗೇಣು ಬಿದಿರು ಮಾತ್ರ
ಕೈ ಜುಮ್ಮೆನ್ನುವಷ್ಟು ತಣ್ಣಗೆ.

"ಇದು ಅವರ ನೀರು," ಅಂದರು ಕಾಕ,
ತೆಪ್ಪ ತಿರುಗಿಸುತ್ತ.
"ಮೇಲಿಂದು ಸರ್ಕಾರದ್ದು."

ಏಳನೆಯ ನಕ್ಷೆ ಒಂದೇ ರಾತ್ರಿಯಲ್ಲಿ ಮುಗಿಯಿತು.
ನೀಲಿಯಿಲ್ಲ. ಗಾಜಿಲ್ಲ. ಚಾಯದ ಬಣ್ಣ,
ಬೆಳಕು ಅಂಗೈಯಷ್ಟು ದೂರ.
ನಡುವೆ ಗೋಪುರವಿರಬೇಕಾದಲ್ಲಿ ಒಂದು ಬಾವಿ.
ನೀರಲ್ಲೇ ಹುಟ್ಟಿದ ಜನ
ಕೊಡ ಹಿಡಿದು ಸಾಲಾಗಿ ನಿಂತಿದ್ದಾರೆ ಅದರ ಸುತ್ತ,
ಯಾರ ಕೂದಲೂ ಅಲುಗದಂತೆ.

ಫೋನು ಬಂತು.
"ನೀರೊಳಗೆ ಬಾವಿ? ರೀ, ತಮಾಷೆ ಮಾಡ್ತಿದ್ದೀರಾ?
ನಮ್ಮ ಹೀರೋ ಒಂದೇ ಗುದ್ದಿಗೆ ಬೆಟ್ಟ ಸೀಳೋನು,
ಅವನು ಕೊಡ ಹಿಡೀತಾನಾ?"

ಸರಿ ಅಂದೆ. ಬಾಡಿಗೆ ಕಟ್ಟಬೇಕಿತ್ತು.
ಬಾವಿಯನ್ನು ಅಳಿಸಲಿಲ್ಲ,
ಆ ಲೇಯರಿನ ಕಣ್ಣು ಮುಚ್ಚಿದೆ, ಅಷ್ಟೆ.
ಮೇಲೆ ನೀಲಿ ಸುರಿದೆ,
ಗಾಜು, ಹವಳ, ಲೋಳೆಮೀನಿನ ದೀಪ,
ಅರವತ್ತನಾಲ್ಕು ಮೆಟ್ಟಿಲು.
ಹೊರಗೆ ಮೊದಲ ಮಳೆ ಶುರುವಾಗಿತ್ತು,
ಟಯರುಗಳ ಹೊಟ್ಟೆಯಲ್ಲೆಲ್ಲ ನೀರು.

ಕಳಿಸಲು ಬೆಳಗಿನ ಜಾವದವರೆಗೂ ಹಿಡಿಯಿತು.
ಎಂಟಕ್ಕೆ ಅವರ ಸಹಾಯಕನ ಫೋನು:
ಚೆನ್ನಾಗಿದೆ, ಎಲ್ಲ ಓಕೆ.
ಆದರೆ ಫೈಲು ಯಾಕೆ ಇಷ್ಟು ಭಾರ?